ಬೆಟ್ಟ ಮೊದಲೋ, ನೀರು ಮೊದಲೋ?

ಹಾಯಿದೋಣಿ ಪ್ರವಾಸ, ದ್ವೀಪದ ಚಾರಣ, ಡೈವಿಂಗ್ ಬಗ್ಗೆ ಬಂದ ಪತ್ರಗಳಿಗೆ ಈ ಸಂಚಿಕೆಯಲ್ಲಿ ಉತ್ತರ. ಒಂದೇ ದಿನದಲ್ಲಿ ಬೆಟ್ಟವನ್ನೂ ಹತ್ತಿ ನೀರಿಗೂ ಇಳಿಯಬಹುದೇ ಎಂದು ಹಲವರು ಕೇಳಿದ್ದಾರೆ. ಅದಕ್ಕೇ ಮೊದಲ ಜಾಗ, ಹೆಚ್ಚಿನ ಜಾಗ.

ಪ್ರಶ್ನೆ: ಆರು ಜನ ಗೆಳೆಯರು ಜನವರಿಯಲ್ಲಿ ಥಾಯ್ಲೆಂಡಿನ ಫುಕೆಟ್‌ನಿಂದ ಹಾಯಿದೋಣಿ ಬಾಡಿಗೆ ಹಿಡಿದು ಸಿಮಿಲನ್ ದ್ವೀಪಗಳಿಗೆ ಹೊರಟಿದ್ದೇವೆ. ದೋಣಿ ನಡೆಸುವ ಸ್ಕಿಪ್ಪರ್ ಜೊತೆಗಿರುತ್ತಾರೆ. ಕೊನೇ ದಿನ ಬೆಳಗ್ಗೆ ಆರಕ್ಕೆ ದ್ವೀಪದ ಗುಡ್ಡ ಹತ್ತಿಳಿದು, ಹತ್ತು ಗಂಟೆಗೆ ಒಂದು ಡೈವ್, ಊಟ, ಆಮೇಲೆ ಇನ್ನೊಂದು ಡೈವ್ ಅಂದುಕೊಂಡಿದ್ದೇವೆ. ಮಾರನೇ ದಿನ ಬೆಳಗ್ಗೆ ಬೆಂಗಳೂರಿಗೆ ವಿಮಾನ. ಎಲ್ಲರೂ ಡೈವಿಂಗ್‌ನ ಮೊದಲ ಹಂತದ ಓಪನ್ ವಾಟರ್ ಕೋರ್ಸ್ ಮುಗಿಸಿದವರೇ. ಸರಿಯಿದೆಯೇ?
— ಜಯನಗರ

ಉತ್ತರ: ಸರಿಯಿಲ್ಲ. ಮೊದಲು ದೂರದ ಲೆಕ್ಕ ನೋಡಿ. ಸಿಮಿಲನ್‌ನಿಂದ ಫುಕೆಟ್‌ಗೆ ಐವತ್ತರಿಂದ ಅರವತ್ತು ನಾಟಿಕಲ್ ಮೈಲಿ. ಹಾಯಿದೋಣಿ ಗಂಟೆಗೆ ಐದಾರು ಮೈಲಿ ಸಾಗಿದರೆ ಅದೇ ದೊಡ್ಡದು. ಅಂದರೆ ವಾಪಸಾಗಲು ಹತ್ತು ಗಂಟೆ ಬೇಕು. ಮಧ್ಯಾಹ್ನದ ಡೈವ್ ಮುಗಿಸಿ ಹೊರಟರೆ ರಾತ್ರಿಯೆಲ್ಲ ಓಡಿಸಿ, ನಿದ್ದೆಗೆಟ್ಟು ವಿಮಾನ ಹತ್ತಬೇಕಾಗುತ್ತದೆ.

ಅದಕ್ಕಿಂತ ದೊಡ್ಡ ತೊಡಕು ನೈಟ್ರೋಜನ್‌ನದು. ಸಮುದ್ರದಲ್ಲಿ ಪ್ರತಿ 10 ಮೀಟರಿಗೆ ಒಂದು ವಾತಾವರಣದಷ್ಟು ಒತ್ತಡ ಏರುತ್ತದೆ. 18 ಮೀಟರಿನಲ್ಲಿ ನೀವು ಉಸಿರಾಡುವ ಗಾಳಿಯ ಒತ್ತಡ 2.8 ಪಟ್ಟು. ಆ ಒತ್ತಡದಲ್ಲಿ ಮೈಯೊಳಗೆ ಕರಗಿದ ನೈಟ್ರೋಜನ್ ಮೇಲೆ ಬಂದ ತಕ್ಷಣ ಹೋಗಿಬಿಡುವುದಿಲ್ಲ, ಗಂಟೆಗಟ್ಟಲೆ ನಿಧಾನವಾಗಿ ಹೊರಬೀಳುತ್ತದೆ. ಎಲ್ಲ ನಿಯಮ ಪಾಲಿಸಿದ ಡೈವ್ ಆದಮೇಲೂ ರಕ್ತದಲ್ಲಿ ಸಣ್ಣ ಗುಳ್ಳೆಗಳಿರಬಹುದು. ಸಾಮಾನ್ಯವಾಗಿ ಶ್ವಾಸಕೋಶ ಅವನ್ನು ಸೋಸಿಬಿಡುತ್ತದೆ. ಆದರೆ ಡೈವ್ ಆದ ಕೂಡಲೇ ಕಾಲಿಗೆ ಕಸುವು ಹಾಕಿ ಗುಡ್ಡ ಹತ್ತಿದರೆ ಗುಳ್ಳೆ ಹೆಚ್ಚುತ್ತದೆ. ಸುಮಾರು ನಾಲ್ವರಲ್ಲಿ ಒಬ್ಬರಿಗೆ ಹೃದಯದ ಮೇಲಿನ ಎರಡು ಕೋಣೆಗಳ ನಡುವಿನ ಕಿಂಡಿ ಹುಟ್ಟಿದ ಮೇಲೂ ಪೂರ್ತಿ ಮುಚ್ಚಿರುವುದಿಲ್ಲ. ಅಂಥವರು ಉಸಿರು ಬಿಗಿಹಿಡಿದು ಬಂಡೆ ಏರಿದಾಗ ಗುಳ್ಳೆಗಳು ಶ್ವಾಸಕೋಶದ ಸೋಸು ತಪ್ಪಿಸಿಕೊಂಡು ನೇರ ಮಿದುಳಿನ ಕಡೆ ಹೋಗಬಹುದು. ತನಗೆ ಆ ಕಿಂಡಿ ಇದೆಯೆಂದು ಬಹುತೇಕರಿಗೆ ಗೊತ್ತೇ ಇರುವುದಿಲ್ಲ.

ಹಾಗಾದರೆ ಬೆಟ್ಟ ಮೊದಲು ಎನ್ನುವಿರಾ? ನಿಮ್ಮ ಯೋಜನೆಯಲ್ಲಿ ಇರುವುದು ಅದೇ. ಅದರ ತೊಂದರೆ ಬೇರೆ. ಆ ಸೆಕೆಯಲ್ಲಿ ಒಂದು ಗಂಟೆ ಹತ್ತಿದರೆ ಒಂದು ಲೀಟರ್ ಬೆವರು ಹೋಗುವುದು ಮಾಮೂಲು. ಮೈಯಲ್ಲಿ ನೀರು ಬತ್ತಿದಾಗ ನೈಟ್ರೋಜನ್ ಹೊರಹೋಗುವುದೂ ಕುಂಟುತ್ತದೆ, ತಲೆ ಚುರುಕಾಗಿರುವುದಿಲ್ಲ. ಏದುಸಿರು ತಗ್ಗದೆಯೇ ನೀರಿಗಿಳಿದವರ ಸಿಲಿಂಡರ್ ಬೇಗ ಖಾಲಿ.

ಹೀಗೆ ಹೊಂದಿಸಿ. ಡೈವ್‌ಗಳೆಲ್ಲ ಬೆಳಗಿನ ಹೊತ್ತಿಗೇ ಇರಲಿ. ಎಂಟಕ್ಕೆ ಮೊದಲನೆಯದು, ಗರಿಷ್ಠ 18 ಮೀಟರ್. ಮೇಲೇರುವಾಗ ನಿಮಿಷಕ್ಕೆ 9 ಮೀಟರ್ ಮೀರಬೇಡಿ, 5 ಮೀಟರಿನಲ್ಲಿ ಮೂರು ನಿಮಿಷ ನಿಲ್ಲಿ. ಮೇಲೆ ಬಂದು ಒಂದೂವರೆ ಗಂಟೆ ವಿಶ್ರಾಂತಿ, ಆಮೇಲೆ ಎರಡನೆಯದು 12 ಮೀಟರಿನೊಳಗೆ. ಮಧ್ಯಾಹ್ನ ಊಟ, ನೆರಳು, ನೀರು, ನಿದ್ದೆ. ಸಂಜೆ ನಾಲ್ಕರ ಮೇಲೆ ಮರಳ ಮೇಲೆ ಅಡ್ಡಾಡಿ ಬನ್ನಿ, ಅಷ್ಟು ಸಾಕು. ನಿಜವಾದ ಹತ್ತುವಿಕೆಯನ್ನು ಮಾರನೇ ದಿನಕ್ಕೆ ಇಡಿ. ಅಂದು ಡೈವ್ ಬೇಡವೇ ಬೇಡ. ವಿಮಾನದ ಹಿಂದಿನ ದಿನ ಹೇಗೂ ಡೈವ್ ಮಾಡುವಂತಿಲ್ಲವಲ್ಲ (ಎಷ್ಟು ಗಂಟೆ ಕಾಯಬೇಕು, ಏಕೆ ಎಂಬುದು ಮುಂದಿನ ಉತ್ತರದಲ್ಲಿದೆ). ಆ ದಿನವನ್ನೇ ಗುಡ್ಡಕ್ಕೆ ಕೊಟ್ಟರೆ ರಜೆಯ ಒಂದು ದಿನವೂ ಪೋಲಾಗದು. ಬೆಳಗ್ಗೆ ಹತ್ತಿಳಿದು ಹಾಯಿ ಬಿಚ್ಚಿದರೆ ರಾತ್ರಿಯೊಳಗೆ ಫುಕೆಟ್. ವಿಮಾನ ಹತ್ತುವ ಹೊತ್ತಿಗೆ ಕೊನೆಯ ಡೈವ್ ಕಳೆದು ನಲವತ್ತು ಗಂಟೆ ಆಗಿರುತ್ತದೆ.

ಸಿಲಿಂಡರ್ ವಿಷಯ ನಿಮ್ಮ ಪತ್ರದಲ್ಲಿ ಇಲ್ಲ. ಆರು ಜನಕ್ಕೆ ಎರಡೆರಡು ಡೈವ್ ಎಂದರೆ ದಿನಕ್ಕೆ ಹನ್ನೆರಡು. ಗಾಳಿ ತುಂಬಿದ ಅಲ್ಯೂಮಿನಿಯಂ ಸಿಲಿಂಡರ್ ಒಂದೊಂದೂ ಹದಿನಾರು ಹದಿನೇಳು ಕಿಲೋ; ಒಟ್ಟು ಇನ್ನೂರು ಕಿಲೋ. ದೋಣಿ ಗಾಳಿಗೆ ವಾಲಿದಾಗ ಕಟ್ಟದ ಒಂದು ಸಿಲಿಂಡರ್ ಉರುಳಿದರೆ ಕಾಲಿನ ಮೂಳೆ ಪುಡಿ. ತಳದಲ್ಲಿ, ದೋಣಿಯ ನಡುಮಧ್ಯೆ ಮಲಗಿಸಿ ಬಿಗಿಯಬೇಕು. ದೋಣಿಯಲ್ಲೇ ಕಂಪ್ರೆಸರ್ ಇದ್ದು ಅದು ನಿಮಿಷಕ್ಕೆ 100 ಲೀಟರಿನದಾದರೆ ಒಂದು ಸಿಲಿಂಡರಿಗೆ ಇಪ್ಪತ್ತೆರಡು ನಿಮಿಷ ಹಿಡಿಯುತ್ತದೆ. ಹನ್ನೆರಡಕ್ಕೆ ನಾಲ್ಕು ಗಂಟೆಗೂ ಹೆಚ್ಚು ಹೊತ್ತು ಗಡಗಡ ಸದ್ದು. ಗಾಳಿ ಎಳೆದುಕೊಳ್ಳುವ ಕೊಳವೆ, ಗಾಳಿ ಬೀಸಿ ಬರುವ ದಿಕ್ಕಿಗಿರಲಿ. ಎಂಜಿನ್ ಹೊಗೆ ಅದರೊಳಗೆ ಸೇರಿದರೆ ಕಾರ್ಬನ್ ಮಾನಾಕ್ಸೈಡ್. ಅದಕ್ಕೆ ವಾಸನೆಯಿಲ್ಲ, ಆಳದಲ್ಲಿ ಅದರ ವಿಷ ಇನ್ನೂ ಹೆಚ್ಚು. ನಮ್ಮನ್ನು ಕೇಳಿದರೆ, ದೋಣಿಯನ್ನು ಮಲಗಲು, ತಿರುಗಲು ಇಟ್ಟುಕೊಳ್ಳಿ. ಡೈವ್‌ಗೆ ಅಲ್ಲಿನ ಡೈವ್ ದೋಣಿಯವರನ್ನು ಗೊತ್ತುಮಾಡಿಕೊಳ್ಳಿ.

ಸ್ವಂತ ದೋಣಿಯಿಂದಲೇ ಇಳಿಯುತ್ತೀರಾದರೆ ಒಂದು ಮಾತು: ಆರೂ ಜನ ಒಟ್ಟಿಗೆ ನೀರಿಗಿಳಿಯಬೇಡಿ. ಮೇಲೆ ಸ್ಕಿಪ್ಪರ್ ಜೊತೆ ಇನ್ನೊಬ್ಬರಿರಲಿ. ಎಂಜಿನ್ ನಿಲ್ಲಿಸಿ ಕೀಲಿ ಕೈಯಲ್ಲಿರಲಿ, ನೀಲಿ–ಬಿಳಿ ಡೈವ್ ಬಾವುಟ ಏರಿರಲಿ. ಹಿಂಬದಿಯಿಂದ ಮೂವತ್ತು ಮೀಟರ್ ಹಗ್ಗಕ್ಕೆ ತೇಲುಬುರುಡೆ ಕಟ್ಟಿ ಬಿಡಿ. ಸೆಳೆತದಲ್ಲಿ ದೋಣಿ ದಾಟಿಹೋದವರಿಗೆ ಹಿಡಿಯಲು ಅದೊಂದೇ ಆಸರೆ. ಸೆಳೆತಕ್ಕೆ ಎದುರಾಗಿ ಶುರುಮಾಡಿ, ಸಿಲಿಂಡರಿನ ಒತ್ತಡಮಾಪಕ 100 ಬಾರ್ ತೋರಿಸಿದಾಗ ತಿರುಗಿ, 50 ಉಳಿದಿರುವಾಗಲೇ ದೋಣಿಗೆ ಹತ್ತಿ.

ಪ್ರಶ್ನೆ: ಶನಿವಾರ ರಾತ್ರಿ ಬಸ್ಸಿಗೆ ಹೊರಟು, ಭಾನುವಾರ ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಿ ಎರಡು ಡೈವ್ ಮಾಡಿ, ಅಂದೇ ರಾತ್ರಿ ಬಸ್ಸಿಗೆ ವಾಪಸಾಗುವ ಅಂದಾಜು. ವಿಮಾನ ಹತ್ತುತ್ತಿಲ್ಲವಲ್ಲ, ಕಾಯುವ ನಿಯಮ ನಮಗೆ ಅನ್ವಯಿಸುವುದಿಲ್ಲ ಅಲ್ಲವೇ?
— ರಾಜಾಜಿನಗರ

ಉತ್ತರ: ಅನ್ವಯಿಸುತ್ತದೆ. ದೇಹಕ್ಕೆ ವಿಮಾನ, ಬಸ್ಸು ಎಂಬ ಭೇದವಿಲ್ಲ. ಅದಕ್ಕೆ ಗೊತ್ತಾಗುವುದು ಗಾಳಿಯ ಒತ್ತಡ ಇಳಿಯುವುದು ಮಾತ್ರ. ಡೈವರ್‌ಗಳ ಸುರಕ್ಷತಾ ಜಾಲ ‘ಡ್ಯಾನ್’ ಹೇಳುವ ಪ್ರಕಾರ ಒಂದೇ ಸಾಧಾರಣ ಡೈವ್ ಆದರೆ ಕನಿಷ್ಠ 12 ಗಂಟೆ, ಹಲವು ಡೈವ್ ಆದರೆ ಕನಿಷ್ಠ 18 ಗಂಟೆ ಕಾಯಬೇಕು. ಸುಮಾರು 600ರಿಂದ 2,400 ಮೀಟರ್ ಎತ್ತರದ ಒತ್ತಡವನ್ನು ಗಮನದಲ್ಲಿಟ್ಟು ಮಾಡಿದ ಸಲಹೆ ಅದು. ಬೆಂಗಳೂರು ಇರುವುದೇ 900 ಮೀಟರಿನ ಮೇಲೆ. ಚೆನ್ನೈನವರಿಗೂ ಮಂಗಳೂರಿನವರಿಗೂ ಇಲ್ಲದ ತಾಪತ್ರಯ ಇದು.

ನಿಮ್ಮ ಲೆಕ್ಕ ಹಾಕೋಣ. ಎರಡನೇ ಡೈವ್ ಮುಗಿದದ್ದು ಮಧ್ಯಾಹ್ನ ಹನ್ನೆರಡಕ್ಕೆ, ಬಸ್ಸು ರಾತ್ರಿ ಎಂಟಕ್ಕೆ. ಹೊನ್ನಾವರ, ಗೇರುಸೊಪ್ಪೆ ಘಾಟಿಯ ದಾರಿಯಾದರೆ ಹತ್ತು ಹತ್ತೂವರೆಗೆ ಘಟ್ಟ ಏರಿರುತ್ತೀರಿ. ಶಿವಮೊಗ್ಗ ದಾಟಿ ಕಡೂರು, ಅರಸೀಕೆರೆ ಕಡೆ ಬರುವಾಗ ಬೆಳಗಿನ ಜಾವ, ಎತ್ತರ 750–800 ಮೀಟರ್. ಕೊನೆಯ ಡೈವ್ ಕಳೆದು ಆಗ ಹದಿನೈದು ಗಂಟೆ. ಬೆಂಗಳೂರು ಮುಟ್ಟುವಾಗ ಹದಿನೆಂಟು. ವಿಮಾನದಷ್ಟು ಅಪಾಯವಲ್ಲ, ನಿಜ. ಆದರೆ ನಿದ್ದೆಗೆಟ್ಟ, ನೀರು ಕುಡಿಯದ, ರಾತ್ರಿಯಿಡೀ ಕಾಲು ಮಡಚಿ ಕೂತ ಮೈಗೆ ಅಷ್ಟು ಅಂಚಿನಲ್ಲಿ ಆಟ ಬೇಡ. ಮಂಗಳೂರು ಮೇಲೆ ಬರುವ ರೈಲು ಇನ್ನೂ ಬೇಗ ಏರಿಸುತ್ತದೆ. ಸಕಲೇಶಪುರವೇ 900 ಮೀಟರ್ ದಾಟಿದೆ.

ಸರಿಯಾದ ದಾರಿ ಸುಲಭ. ಶುಕ್ರವಾರ ರಾತ್ರಿ ಹೊರಡಿ, ಶನಿವಾರ ಡೈವ್ ಮಾಡಿ ಮುರುಡೇಶ್ವರದಲ್ಲೇ ಉಳಿಯಿರಿ, ಭಾನುವಾರ ಮಧ್ಯಾಹ್ನ ಬಸ್ಸು ಹತ್ತಿ. ಭಾನುವಾರವೇ ಆಗಬೇಕೆಂದಿದ್ದರೆ ಬೆಳಗ್ಗೆ ಒಂದೇ ಡೈವ್, 12 ಮೀಟರಿನೊಳಗೆ, ಆಮೇಲೆ ಪೂರ್ತಿ 12 ಗಂಟೆ ಕಳೆದು ಘಟ್ಟ ಹತ್ತುವ ಬಸ್ಸು. ದಾರಿಯಲ್ಲಿ ಚಿಕ್ಕಮಗಳೂರಿಗೆ ತಿರುಗಿ ಮುಳ್ಳಯ್ಯನಗಿರಿ ನೋಡಿ ಬರುವ ಆಸೆಯಿದ್ದರೆ ಅದನ್ನು ಹೋಗುವಾಗ ಮುಗಿಸಿ, ಬರುವಾಗ ಬೇಡ. ಅದು 1,930 ಮೀಟರ್. ಇಲ್ಲಿ ಬೆಟ್ಟ ಮೊದಲು, ನೀರು ಆಮೇಲೆ.

ಡೈವ್ ಆದ ಒಂದು ದಿನದೊಳಗೆ ಭುಜ, ಮೊಣಕೈ, ಮಂಡಿಯಲ್ಲಿ ಕಾರಣವಿಲ್ಲದ ನೋವು, ಕೈಕಾಲು ಜೋಮು, ತಲೆಸುತ್ತು, ಚರ್ಮದ ಮೇಲೆ ಅಮೃತಶಿಲೆಯಂಥ ನೀಲಿಗೆಂಪು ಕಲೆ ಕಂಡರೆ ಅಡ್ಡ ಮಲಗಿಸಿ, ಶುದ್ಧ ಆಕ್ಸಿಜನ್ ಕೊಡಿಸಿ. ಆಸ್ಪತ್ರೆಯಲ್ಲಿ ಮೊದಲ ಮಾತೇ ‘ಡೈವ್ ಮಾಡಿ ಬಂದಿದ್ದೇವೆ’ ಎಂದಿರಲಿ. ಹೇಳದಿದ್ದರೆ ಉಳುಕು ಎಂದು ಮಾತ್ರೆ ಕೊಟ್ಟು ಕಳಿಸಿಯಾರು. ಇನ್ನೂ ಸಮುದ್ರದ ಮೇಲಿದ್ದೀರಾದರೆ ಕರಾವಳಿ ಕಾವಲು ಪಡೆಯ ಸಂಖ್ಯೆ 1554.

ಪ್ರಶ್ನೆ: ದ್ವೀಪದ ಬಳಿ ಲಂಗರು ಹಾಕಿ ಎಲ್ಲರೂ ಮೇಲೆ ಹೋಗಿದ್ದೆವು. ಇಳಿದು ಬಂದು ನೋಡಿದರೆ ದೋಣಿ ಇನ್ನೂರು ಮೀಟರ್ ಜಾರಿತ್ತು. ನೀರು ಆರೇ ಮೀಟರ್ ಇತ್ತು, ಇಪ್ಪತ್ತೈದು ಮೀಟರ್ ಚೈನು ಬಿಟ್ಟಿದ್ದೆವು. ನಾಲ್ಕು ಪಟ್ಟು ಸಾಲದೇ?
— ಯಲಹಂಕ

ಉತ್ತರ: ನೀವು ಬಿಟ್ಟದ್ದು ನಾಲ್ಕು ಪಟ್ಟಲ್ಲ, ಮೂರಕ್ಕೂ ಕಡಿಮೆ. ಆಳವನ್ನು ನೀರಿನ ಮೇಲ್ಮೈಯಿಂದ ಅಲ್ಲ, ಚೈನು ದೋಣಿಯಿಂದ ಹೊರಬೀಳುವ ಜಾಗದಿಂದ ಅಳೆಯಬೇಕು. ನೀರಿನಿಂದ ದೋಣಿಯ ಮುಂತುದಿಯ ಎತ್ತರ ಒಂದು ಮೀಟರ್, ನೀವು ಇಳಿತದಲ್ಲಿ ಲಂಗರು ಹಾಕಿದ್ದರೆ ಉಬ್ಬರಕ್ಕೆ ಏರುವ ಎರಡು ಮೀಟರ್ ಸೇರಿ ಒಂಬತ್ತು. ಬರೀ ಚೈನಾದರೆ ಐದು ಪಟ್ಟು, ಅಂದರೆ 45 ಮೀಟರ್. ಹಗ್ಗ ಹೆಚ್ಚಿರುವ ಲಂಗರಾದರೆ ಏಳು ಪಟ್ಟು. ಕಾರಣ ಇಷ್ಟೇ: ಲಂಗರು ಕಚ್ಚುವುದು ಅಡ್ಡಡ್ಡ ಎಳೆದಾಗ. ಚೈನು ಗಿಡ್ಡವಾದರೆ ಎಳೆತ ಮೇಲ್ಮುಖವಾಗಿ ಲಂಗರಿನ ದಿಂಡು ಎದ್ದುಬಿಡುತ್ತದೆ. ಹೊಲದಲ್ಲಿ ನೇಗಿಲು ಮೇಲಕ್ಕೆತ್ತಿದ ಹಾಗೆ.

ಹಾಕುವ ಕ್ರಮವೂ ಮುಖ್ಯ. ಗಾಳಿಗೆ ಮುಖಮಾಡಿ ನಿಂತು ಲಂಗರು ತಳ ಮುಟ್ಟಿಸಿ, ಹಿಂದಕ್ಕೆ ಸರಿಯುತ್ತ ಚೈನು ಬಿಡಿ. ಒಂದೇ ಸಲ ಸುರಿದರೆ ಲಂಗರಿನ ಮೇಲೇ ಗುಡ್ಡೆಯಾಗಿ ಸಿಕ್ಕಿಕೊಳ್ಳುತ್ತದೆ. ಪೂರ್ತಿ ಬಿಟ್ಟ ಮೇಲೆ ಎಂಜಿನ್ ಹಿಂದಕ್ಕೆ ಹಾಕಿ, ನಿಧಾನ ಏರಿಸಿ ಅರ್ಧ ನಿಮಿಷ ಎಳೆಯಿರಿ. ಚೈನಿನ ಮೇಲೆ ಅಂಗೈಯಿಟ್ಟರೆ ಗೊತ್ತಾಗುತ್ತದೆ: ಗರಗರ ಅಂದರೆ ಜಾರುತ್ತಿದೆ, ಬಿಗಿಯಾಗಿ ನಿಂತರೆ ಕಚ್ಚಿದೆ. ದಡದ ಮೇಲೆ ಒಂದು ಮರ, ಅದರ ಹಿಂದಿನ ಬಂಡೆ ಒಂದೇ ಸಾಲಿಗೆ ಬರುವಂತೆ ಗುರುತಿಟ್ಟುಕೊಳ್ಳಿ; ಅರ್ಧ ಗಂಟೆ ಕಳೆದೂ ಸಾಲು ತಪ್ಪದಿದ್ದರೆ ಆಮೇಲೆ ದಡಕ್ಕೆ ಹೋಗಿ. ಹೇಗೂ ಮಾಸ್ಕ್ ಇದೆಯಲ್ಲ, ಈಜಿ ಹೋಗಿ ಲಂಗರನ್ನು ಕಣ್ಣಾರೆ ನೋಡಿ ಬರುವುದಕ್ಕಿಂತ ಒಳ್ಳೆ ಪರೀಕ್ಷೆಯಿಲ್ಲ.

ಇನ್ನೊಂದು ಕಾರಣವೂ ಇದ್ದಿರಬಹುದು. ನಮ್ಮ ಪಶ್ಚಿಮ ಕರಾವಳಿಯಲ್ಲಿ ಬೇಸಗೆಯ ಬೆಳಗ್ಗೆ ನೆಲದ ಕಡೆಯಿಂದ ಸಣ್ಣ ಗಾಳಿ, ಮಧ್ಯಾಹ್ನದ ಮೇಲೆ ಸಮುದ್ರದ ಕಡೆಯಿಂದ ಜೋರು ಗಾಳಿ. ಬೆಳಗ್ಗೆ ಹಾಕಿದ ಲಂಗರಿನ ಸುತ್ತ ದೋಣಿ ಅರ್ಧಚಕ್ರ ತಿರುಗಿದಾಗ ಕಚ್ಚಿದ್ದು ಕಿತ್ತು ಬರುವುದುಂಟು. ಹಸಿರು ಕಡಲಹುಲ್ಲಿನ ಮೇಲೆ ಹಾಕಿದ್ದರಂತೂ ಅದು ಚಾಪೆಯ ಮೇಲೆ ಜಾರಿದ ಹಾಗೆ. ತಿಳಿಬಣ್ಣದ ಮರಳಿನ ತೇಪೆ ಹುಡುಕಬೇಕು. ಸೂರ್ಯ ನೆತ್ತಿಯ ಆಸುಪಾಸು, ಬೆನ್ನ ಹಿಂದೆ ಇರುವಾಗ ಮಾತ್ರ ತಳದ ಬಣ್ಣ ನಂಬುವಂತೆ ಕಾಣುತ್ತದೆ. ಹವಳದ ಮೇಲೆ ಖಂಡಿತ ಬೇಡ: ನೂರಾರು ವರ್ಷ ಬೆಳೆದದ್ದನ್ನು ಚೈನು ಒಂದೇ ರಾತ್ರಿಯಲ್ಲಿ ಒರೆಸಿಹಾಕುತ್ತದೆ, ಲಂಗರೂ ಸಿಕ್ಕಿಕೊಂಡು ಬಾರದು.

ಮತ್ತೆ, ಚಾರಣಕ್ಕೆ ಎಲ್ಲರೂ ಹೋಗುವಂತಿಲ್ಲ. ದೋಣಿ ನಡೆಸಬಲ್ಲ ಒಬ್ಬರು ಅಲ್ಲೇ ಇರಬೇಕು, ಮೇಲೆ ಹೋದವರ ಕೈಯಲ್ಲಿ ವಿಎಚ್‌ಎಫ್ ರೇಡಿಯೋ ಇರಬೇಕು. ದಡಕ್ಕೊಯ್ದ ಸಣ್ಣ ದೋಣಿ, ಅಂದರೆ ಡಿಂಗಿಯನ್ನು ಉಬ್ಬರದ ಕಸ ನಿಂತ ಗೆರೆಗಿಂತ ಮೇಲಕ್ಕೆಳೆದು ಮರಕ್ಕೆ ಕಟ್ಟಿ. ಎಷ್ಟೋ ಡಿಂಗಿಗಳು ತಾವಾಗಿಯೇ ಊರು ಬಿಟ್ಟಿವೆ.

ಪ್ರಶ್ನೆ: ನನ್ನ ಸಿಲಿಂಡರ್ 18 ಮೀಟರಿನಲ್ಲಿ ಇಪ್ಪತ್ತೈದೇ ನಿಮಿಷಕ್ಕೆ ಮುಗಿಯಿತು, ಗೈಡ್‌ಗೆ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ದಿನಾ ಓಡುವವನು ನಾನು. ಸಿಲಿಂಡರಿನಲ್ಲಿ ದೋಷವೇ?
— ಮಲ್ಲೇಶ್ವರ

ಉತ್ತರ: ದೋಷವಿರಲಿಕ್ಕಿಲ್ಲ. 11 ಲೀಟರ್ ಸಿಲಿಂಡರಿನಲ್ಲಿ 200 ಬಾರ್ ಇದ್ದರೆ 2,200 ಲೀಟರ್ ಗಾಳಿ. ಉಳಿಸಬೇಕಾದ 50 ಬಾರ್ ಕಳೆದರೆ 1,650. ಹೊಸಬರು ನಿಮಿಷಕ್ಕೆ 25 ಲೀಟರ್ ಎಳೆಯುತ್ತಾರೆ. 18 ಮೀಟರಿನಲ್ಲಿ ಅದು 2.8 ಪಟ್ಟು, ಅಂದರೆ 70 ಲೀಟರ್. ಭಾಗಿಸಿ ನೋಡಿ, ಇಪ್ಪತ್ತಮೂರೂವರೆ ನಿಮಿಷ. ನೀವು ಅದಕ್ಕಿಂತ ವಾಸಿ!

ಓಟಗಾರರ ದಮ್ಮು ಇಲ್ಲಿ ಹೆಚ್ಚು ನೆರವಾಗದು. ಹೆಚ್ಚಾಗಿ ಕಳ್ಳ ಇರುವುದು ಸೊಂಟದ ಸೀಸದಲ್ಲಿ. ಭಾರ ಎರಡು ಕಿಲೋ ಜಾಸ್ತಿಯಾದರೆ ಕಾಲು ಕೆಳಗೆ ಜೋತು, ಮೈ ಓರೆಯಾಗಿ, ಪ್ರತಿ ಒದೆತವೂ ಮುಂದೆ ಒಯ್ಯುವ ಬದಲು ಮೇಲೆತ್ತುತ್ತದೆ. ಡೈವ್ ಮುಗಿದು 50 ಬಾರ್ ಇರುವಾಗ ಬಿಸಿಡಿಯ (ತೇಲಲು ಗಾಳಿ ತುಂಬುವ ಜಾಕೆಟ್ಟಿನ) ಗಾಳಿಯೆಲ್ಲ ಬಿಟ್ಟು, ಸಾಧಾರಣ ಉಸಿರು ತುಂಬಿಕೊಂಡು ಅಲುಗದೆ ನಿಲ್ಲಿ. ನೀರು ಕಣ್ಣಿನ ಮಟ್ಟಕ್ಕಿದ್ದರೆ ಭಾರ ಸರಿ. ಮುಳುಗಿದರೆ ಒಂದು ಕಿಲೋ ತೆಗೆಯಿರಿ. ತುಂಬಿದ ಸಿಲಿಂಡರಿನಲ್ಲಿ ಈ ಪರೀಕ್ಷೆ ಮಾಡಿದರೆ ಮೋಸ, ಏಕೆಂದರೆ ಒಳಗಿನ ಗಾಳಿಯೇ ಎರಡೂವರೆ ಕಿಲೋ ತೂಗುತ್ತದೆ, ಅದು ಖಾಲಿಯಾದಷ್ಟೂ ನೀವು ತೇಲುತ್ತೀರಿ. ಕೈ ಬಡಿಯುವುದು ಬಿಡಿ. ಉಸಿರನ್ನು ನಿಧಾನ ಒಳಗೆಳೆದು ಇನ್ನೂ ನಿಧಾನ ಹೊರಬಿಡಿ, ಆದರೆ ಗಾಳಿ ಉಳಿಸಲೆಂದು ಹಿಡಿದಿಡಬೇಡಿ. ಹಿಡಿದ ಉಸಿರಿನಲ್ಲಿ 10 ಮೀಟರಿನಿಂದ ಮೇಲೆ ಬಂದರೆ ಶ್ವಾಸಕೋಶದೊಳಗಿನ ಗಾಳಿ ಇಮ್ಮಡಿ ಹಿಗ್ಗುತ್ತದೆ.

ಪ್ರಶ್ನೆ: ವಯಸ್ಸು 52, ಬಿಪಿ ಮಾತ್ರೆ ನುಂಗುತ್ತೇನೆ, ಈಜು ಬರುವುದಿಲ್ಲ. ಮಗಳು ‘ಅಮ್ಮಾ, ನೀನೂ ಬಾ’ ಅನ್ನುತ್ತಿದ್ದಾಳೆ. ಇಳಿಯಬಹುದೇ?
— ಬಸವನಗುಡಿ

ಉತ್ತರ: ಈಜು ಬಾರದವರಿಗೂ ತರಬೇತುದಾರರು ಹಿಡಿದುಕೊಂಡೇ ಕರೆದೊಯ್ಯುವ ಪರಿಚಯ ಡೈವ್ ಇದೆ, 12 ಮೀಟರಿನ ಮಿತಿ. ಆದರೆ ಬಿಪಿ ವಿಷಯ ಮುಚ್ಚಿಟ್ಟು ಫಾರಂ ತುಂಬಬೇಡಿ ತಾಯಿ. ನೀರಿನೊಳಗೆ ಕೈಕಾಲಿನ ರಕ್ತ ಎದೆಗೆ ತಳ್ಳಲ್ಪಡುತ್ತದೆ. ಬಿಪಿ ಹತೋಟಿಯಲ್ಲಿಲ್ಲದವರಿಗೆ ಶ್ವಾಸಕೋಶದಲ್ಲಿ ನೀರು ತುಂಬುವ ಅಪಾಯವಿದೆ. ಮಾತ್ರೆಯ ಹೆಸರು ಬರೆದುಕೊಂಡು ವೈದ್ಯರ ಹತ್ತಿರ ಹೋಗಿ. ಕೆಲವು ಬಿಪಿ ಮಾತ್ರೆಗಳು ಹೃದಯದ ಬಡಿತ ಏರದಂತೆ ತಡೆಯುತ್ತವೆ, ಸೆಳೆತಕ್ಕೆ ಎದುರು ಈಜುವಾಗ ಅದು ತೊಡಕು. ಅವರು ಬರೆದುಕೊಟ್ಟರೆ ಬೆಂಗಳೂರಿನಲ್ಲೇ ಈಜುಕೊಳದ ಅಭ್ಯಾಸ ಎರಡು ದಿನ ಮಾಡಿ ಹೊರಡಿ. ಬೇಡವೆಂದರೆ ಲೈಫ್ ಜಾಕೆಟ್ ತೊಟ್ಟು, ಗೈಡ್ ಪಕ್ಕದಲ್ಲಿರುವಾಗ ತಿಳಿನೀರಿನಲ್ಲಿ ಸ್ನಾರ್ಕೆಲ್ (ಕೊಳವೆಯಲ್ಲಿ ಉಸಿರಾಡುತ್ತ ಮೇಲೆಯೇ ತೇಲುವುದು) ಮಾಡಬಹುದೇ ಎಂದು ಅವರನ್ನೇ ಕೇಳಿ.

ಪ್ರಶ್ನೆ: ಮೂರು ಮೀಟರ್ ಇಳಿದ ಕೂಡಲೇ ಕಿವಿ ಸಿಡಿದಂತೆ ನೋವು. ಮೂಗು ಹಿಡಿದು ಊದಿದರೂ ಬಿಡುವುದಿಲ್ಲ.
— ಬನಶಂಕರಿ

ಉತ್ತರ: ತಡವಾಗಿ ಊದುತ್ತಿದ್ದೀರಿ. ಮೂರು ಮೀಟರಿಗೆ ಕಿವಿ–ಗಂಟಲಿನ ನಡುವಿನ ನಾಳ ಒತ್ತಡಕ್ಕೆ ಅಂಟಿಕೊಂಡಾಗಿರುತ್ತದೆ, ಆಮೇಲೆ ಎಷ್ಟು ಊದಿದರೂ ತೆರೆಯದು. ಜೋರಾಗಿ ಊದಿದರೆ ಒಳಗಿವಿಗೇ ಪೆಟ್ಟು. ನೀರಿನ ಮೇಲಿರುವಾಗಲೇ ಒಮ್ಮೆ, ಆಮೇಲೆ ಅರ್ಧರ್ಧ ಮೀಟರಿಗೊಮ್ಮೆ, ನೋವಿಗೆ ಮುಂಚೆಯೇ. ಲಂಗರಿನ ಹಗ್ಗ ಹಿಡಿದು ಕಾಲು ಕೆಳಗಾಗಿ ಇಳಿಯಿರಿ. ಬಿಡದಿದ್ದರೆ ಒಂದು ಮೀಟರ್ ಮೇಲೇರಿ ಮತ್ತೆ ಯತ್ನಿಸಿ. ನೆಗಡಿಯಿದ್ದ ದಿನ ಇಳಿಯಲೇಬೇಡಿ. ಮೂಗಿನ ಡ್ರಾಪ್ಸ್ ಹಾಕಿಕೊಂಡು ಇಳಿದರೆ ಅದರ ಪರಿಣಾಮ ನೀರಿನೊಳಗೇ ಮುಗಿದು, ಮೇಲೆ ಬರುವಾಗ ಗಾಳಿ ಒಳಗೇ ಸಿಕ್ಕಿಕೊಳ್ಳಬಹುದು.

ಪ್ರಶ್ನೆ: ದೋಣಿಯಲ್ಲಿ ವಾಂತಿ ತಡೆಯುವುದು ಹೇಗೆ? ಅವೊಮಿನ್ ಸಾಕೇ?
— ವಿಜಯನಗರ

ಉತ್ತರ: ಅವೊಮಿನ್ ನಿದ್ದೆ ಬರಿಸುತ್ತದೆ. ಡೈವ್ ಮಾಡುವವರು ವೈದ್ಯರನ್ನು ಕೇಳಿ, ಮನೆಯಲ್ಲೇ ಒಂದು ದಿನ ನುಂಗಿ ತೂಕಡಿಕೆ ಎಷ್ಟೆಂದು ನೋಡಿಕೊಂಡಿರಬೇಕು. ಯಾವ ಮಾತ್ರೆಯಾದರೂ ಹೊರಡುವ ಒಂದು ಗಂಟೆ ಮೊದಲು. ಹೊಟ್ಟೆ ತೊಳಸಿದ ಮೇಲೆ ನುಂಗಿದ್ದು ಸಮುದ್ರದ ಪಾಲು. ಬೆಳಗ್ಗೆ ಎರಡು ಇಡ್ಲಿ ಸಾಕು, ಎಣ್ಣೆಯದೂ ಬೇಡ, ಖಾಲಿ ಹೊಟ್ಟೆಯೂ ಬೇಡ. ದೋಣಿಯ ನಡುಭಾಗದಲ್ಲಿ, ಹೊರಗೆ ಕೂತು ದಿಗಂತ ನೋಡಿ, ಫೋನ್ ನೋಡಬೇಡಿ. ನೀರಿನೊಳಗೆ ವಾಂತಿ ಬಂದರೆ ಉಸಿರಾಡಲು ಕಚ್ಚಿಕೊಂಡಿರುವ ರೆಗ್ಯುಲೇಟರನ್ನು ಬಾಯಲ್ಲೇ ಒತ್ತಿ ಹಿಡಿದು ಅದರೊಳಕ್ಕೇ ಮಾಡಿ. ಅದು ಹೊರಹೋಗುತ್ತದೆ. ಕಿತ್ತರೆ ಮರುಕ್ಷಣದ ಉಸಿರಿಗೆ ನೀರು ನುಗ್ಗುತ್ತದೆ.

ಪ್ರಶ್ನೆ: ಅಂಡಮಾನಿನಲ್ಲಿ ಕಾಡುದಾರಿ ನಡೆದು ಕಡಲತೀರ ಸೇರುವ ಚಾರಣಕ್ಕೆ ಚಪ್ಪಲಿ ಸಾಕೇ? ಮಕ್ಕಳು ಚಿಪ್ಪು ಆರಿಸಿಕೊಂಡು ಬರಬಹುದೇ?
— ಹೆಬ್ಬಾಳ

ಉತ್ತರ: ಚಪ್ಪಲಿ ಸಾಲದು. ಬೇರು, ಕೆಸರು, ಪಾಚಿಗಟ್ಟಿದ ಬಂಡೆ. ಹಿಡಿತವಿರುವ, ಬೆರಳು ಮುಚ್ಚುವ ಬೂಟು ಬೇಕು. ತಲಾ ಎರಡು ಲೀಟರ್ ನೀರು ಒಯ್ಯಿರಿ. ಡಿಸೆಂಬರಿನಲ್ಲಿ ಅಲ್ಲಿ ಸಂಜೆ ಐದರ ಸುಮಾರಿಗೇ ಸೂರ್ಯ ಮುಳುಗುತ್ತಾನೆ, ಬೆಂಗಳೂರಿನ ಗಡಿಯಾರದ ರೂಢಿಯಲ್ಲಿ ಹೊರಟರೆ ಕಾಡಿನ ನಡುವೆ ಕತ್ತಲು. ಎಲ್ಲೇ ಇರಿ, ಮೂರಕ್ಕೆ ವಾಪಸು ತಿರುಗಿ. ಉಪ್ಪುನೀರಿನ ಮೊಸಳೆಯ ಫಲಕವಿದ್ದ ಕಡೆ ಕಾಲುವೆಗೆ ಇಳಿಯಬೇಡಿ. ಚಿಪ್ಪು, ಹವಳದ ತುಂಡು ಬೇಡ. ಹವಳ, ಹಲವು ಬಗೆಯ ಚಿಪ್ಪುಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬರುತ್ತವೆ, ವಿಮಾನ ನಿಲ್ದಾಣದಲ್ಲಿ ಬ್ಯಾಗಿನಿಂದ ತೆಗೆಸುತ್ತಾರೆ. ಮುಳ್ಳುಮೀನು ಚುಚ್ಚಿದರೆ ಸುಡದಷ್ಟು ಬಿಸಿನೀರಿನಲ್ಲಿ, ಸುಮಾರು 45 ಡಿಗ್ರಿ, ಅರ್ಧದಿಂದ ಒಂದೂವರೆ ಗಂಟೆ ಕಾಲಿಟ್ಟು ಆಸ್ಪತ್ರೆಗೆ. ಹವಳ ತರಚಿದರೆ ಸೋಪು ಹಾಕಿ ಸಿಹಿನೀರಿನಲ್ಲಿ ಚೆನ್ನಾಗಿ ಉಜ್ಜಿ ತೊಳೆಯಿರಿ, ಎಷ್ಟು ಉರಿದರೂ.

ಪ್ರಶ್ನೆ: ನೇತ್ರಾಣಿ ದ್ವೀಪದ ಮೇಲೆ ಹತ್ತಬಹುದೇ? ಇಲ್ಲದಿದ್ದರೆ ನಮ್ಮ ಕರಾವಳಿಯಲ್ಲಿ ಹತ್ತುವ ದ್ವೀಪ ಯಾವುದು?
— ಕೆಂಗೇರಿ

ಉತ್ತರ: ಪ್ರವಾಸಿಗರನ್ನು ನೇತ್ರಾಣಿಯ ಮೇಲೆ ಇಳಿಸುವುದಿಲ್ಲ, ಸುತ್ತಲಿನ ನೀರಿಗೆ ಮಾತ್ರ. ನೌಕಾಪಡೆ ಗುರಿಯಭ್ಯಾಸಕ್ಕೆ ಬಳಸಿದ ದ್ವೀಪ ಅದು. ಮಲ್ಪೆಯ ಸೇಂಟ್ ಮೇರೀಸ್‌ನಲ್ಲಿ ಕಂಬಗಲ್ಲುಗಳು ನೋಡಲು ಚೆಂದ, ಹತ್ತಲು ಏನೂ ಇಲ್ಲ. ಮಳೆಗಾಲದಲ್ಲಿ ದೋಣಿಯೂ ಇಲ್ಲ. ಹೊನ್ನಾವರದ ಬಳಿಯ ಬಸವರಾಜದುರ್ಗದಲ್ಲಿ ಕೋಟೆಯ ಗೋಡೆ ಇದೆ, ಸ್ವಲ್ಪ ಹತ್ತುವುದೂ ಇದೆ. ಸ್ಥಳೀಯ ದೋಣಿಯವರನ್ನು ಕೇಳಿ, ಅಲೆ ಸಣ್ಣದಿರುವ ಬೆಳಗ್ಗೆ ಹೋಗಿ, ಮಧ್ಯಾಹ್ನದ ಗಾಳಿ ಏಳುವ ಮೊದಲು ದೋಣಿಗೆ ಬನ್ನಿ.